ಹೆಗಲ ಮೇಲೆ ತಿರುಗಿದ ದೀಪಗಳು

ಮೊಟೆಗಿ ಕ್ಯೂಸಾಕು ಹತ್ತೊಂಬತ್ತು ವರ್ಷ ಕಿಮೊನೊ ಬಟ್ಟೆಗೆ ಬಾಣದ ಗರಿಯ ಚಿತ್ತಾರ ಬರೆದ. ನಡುನಡುವೆ ಆಮೆಚಿಪ್ಪಿನ ಷಟ್ಕೋನ, ಸೆಣಬಿನ ಎಲೆ, ಸೇವಂತಿಗೆ, ಅಲೆ ಇವನ್ನೂ ಬರೆದ. ಆದರೆ ಯಾವ ದಾರಿ ಹಿಡಿದು ಹೊರಟರೂ ವರ್ಷಕ್ಕೆ ಎರಡು ಸಲವಾದರೂ ಬಾಣದ ಗರಿಗೇ ಬಂದು ಮುಟ್ಟುತ್ತಿದ್ದ. ಕೆನ್ನೇರಳೆ ನೆಲದ ಮೇಲೆ ಬಿಳಿ ಗರಿ, ಬಿಳಿ ನೆಲದ ಮೇಲೆ ಕೆನ್ನೇರಳೆ ಗರಿ, ದಪ್ಪ ಗರಿ, ಸಣ್ಣ ಗರಿ. ಬಿಟ್ಟ ಬಾಣದಂತೆ ಮಗಳು ಕೂಡ ತವರಿಗೆ ಹಿಂದಿರುಗದಿರಲಿ ಎಂದು ಹೆತ್ತವರು ಮದುವೆಯ ಪೆಟ್ಟಿಗೆಯಲ್ಲಿ ಅಂಥದೊಂದು ಕಿಮೊನೊ ಇಟ್ಟು ಕಳಿಸುವುದು ವಾಡಿಕೆ. ಅವನ ಹೆಂಡತಿ ಟೋಮೆಯೂ ಅದನ್ನು ಉಟ್ಟೇ ಮನೆಗೆ ಬಂದಿದ್ದಳು. ಹಿಂದಿರುಗಿರಲಿಲ್ಲ. ಹಾಗಾಗಿ ಆ ಚಿತ್ತಾರದ ಶಕ್ತಿಯ ಬಗ್ಗೆ ಕ್ಯೂಸಾಕುವಿಗೆ ಅನುಮಾನವಿರಲಿಲ್ಲ. ಬೇಸರ ಮಾತ್ರ ಇತ್ತು.

ಇದು ಶೋವಾ ಏಳನೆಯ ವರ್ಷದ, ಅಂದರೆ ಸಾವಿರದ ಒಂಬೈನೂರ ಮೂವತ್ತೆರಡರ ಮಾತು. ನಮ್ಮ ಇಸೆಸಾಕಿಯಲ್ಲಿ ಆಗ ಮನೆಗೊಂದು ಮಗ್ಗ ಅನ್ನುವುದಕ್ಕಿಂತ ಮಗ್ಗಕ್ಕೊಂದು ಮನೆ ಅನ್ನುವುದೇ ಸರಿ. ಗಂಡಸರು ನೂಲಿಗೆ ಬಣ್ಣ ಹಾಕುವುದು, ಮೂಟೆ ಹೊರುವುದು ಮುಂತಾದ ಬದಿಯ ಕೆಲಸಗಳನ್ನು ಮಾಡಿ, ಮಿಕ್ಕ ಹೊತ್ತು ಅಕಾಗಿ ಬೆಟ್ಟದಿಂದ ಬೀಸುವ ಒಣಗಾಳಿಯನ್ನು ಬೈಯುತ್ತಿದ್ದರು. ನೇಯುವವರು ಹೆಂಗಸರು. ಆದ್ದರಿಂದ ಮನೆ ನಡೆಸುವವರೂ ಅವರೇ, ಗಂಡಂದಿರನ್ನು ನಡೆಸುವವರೂ ಅವರೇ. ನಮ್ಮ ಸೀಮೆಯ ಗಂಡಸು ‘ನನ್ನ ಹೆಂಡತಿಯಂಥವಳು ಭೂಮಿ ಮೇಲೇ ಇಲ್ಲ’ ಎಂದರೆ ಹೊಗಳಿದನೋ ದೂರಿದನೋ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಹೇಳಿದವನಿಗೂ ಅದು ಅಷ್ಟು ಸ್ಪಷ್ಟವಿರುವುದಿಲ್ಲ.

ಟೋಮೆ ಬೀದಿಗೇ ಕೈಚುರುಕಿನ ನೇಯ್ಗೆಯವಳು. ಅವಳ ಮಗ್ಗ ಎತ್ತರದ್ದು, ಕೂರುವ ಹಲಗೆಯೂ ಎತ್ತರ. ಕ್ಯೂಸಾಕುವಿನ ಮೇಜು ಅದರ ಬುಡದಲ್ಲಿ, ಚಾಪೆಯ ಮೇಲೆ, ಮೊಣಕಾಲಿನಷ್ಟೆತ್ತರ. ಅವನು ಕುಂಚ ಹಿಡಿದು ಕುಳಿತರೆ ಅವಳು ಮೇಲಿನಿಂದ ಅವನ ಬೋಳಾಗುತ್ತಿದ್ದ ನೆತ್ತಿಯನ್ನೂ ಅದರಾಚೆಯ ಚಿತ್ರವನ್ನೂ ಒಂದೇ ನೋಟದಲ್ಲಿ ನೋಡಿ ಅಭಿಪ್ರಾಯ ಹೇಳುತ್ತಿದ್ದಳು.

“ಆ ಎಲೆ ಸ್ವಲ್ಪ ದಪ್ಪ ಆಯ್ತು ಕಣ್ರೀ.”

“ನಿನ್ನ ನೂಲು ನೀನು ನೋಡ್ಕೊ.”

“ನೂಲು ನೋಡ್ತಾನೇ ಹೇಳಿದ್ದು.”

ಎಲೆ ದಪ್ಪವಾಗಿಯೇ ಇರುತ್ತಿತ್ತು. ಅವನಿಗೆ ಮೈ ಉರಿಯುತ್ತಿದ್ದುದು ಅದಕ್ಕೇ.

ಹಿಂದಿನ ವರ್ಷ ಬಣ್ಣದ ಪುಡಿ ತರಲು ಅವನು ಟೋಕಿಯೋಗೆ ಹೋಗಿದ್ದ. ಸಂಜೆ ಗಿಂಜಾ ಬೀದಿಯಲ್ಲಿ ತುಂತುರು ಮಳೆ. ನೋಡನೋಡುತ್ತಿದ್ದಂತೆ ಬೀದಿಯುದ್ದಕ್ಕೂ ಕಂಬದ ದೀಪಗಳು ಹೊತ್ತಿಕೊಂಡವು. ಬೂದು ಆಕಾಶದಲ್ಲಿ ತೆಳ್ಳನೆ ಕಪ್ಪು ಕಂಬ, ಅದರ ತುದಿಗೆ ಹಳದಿ ಗಾಜಿನ ಗುಂಡು, ಗುಂಡಿನ ಸುತ್ತ ಮಂಜಿನ ಬಳೆ. ಕ್ಯೂಸಾಕು ಎಷ್ಟು ಹೊತ್ತು ಬಾಯಿ ತೆರೆದು ನಿಂತಿದ್ದನೆಂದರೆ ಪೊಲೀಸಿನವನು ಬಂದು, “ಯಾರನ್ನಾದ್ರೂ ಕಾಯ್ತಿದೀರಾ? ಇಲ್ಲದಿದ್ರೆ ಮುಂದೆ ನಡೀರಿ” ಎಂದ. ಅವನು ಮುಂದೆ ನಡೆದ, ಮುಂದಿನ ದೀಪದವರೆಗೆ.

ಊರಿಗೆ ಬಂದವನು ಆ ದೀಪಗಳನ್ನು ಬರೆದ. ಬೂದು ನೆಲ, ಕಪ್ಪು ಕಂಬ, ಹಳದಿ ಗುಂಡು. ಒಂದೊಂದು ದೀಪವೂ ಒಂದು ಗೇಣು ಎತ್ತರ. ಇಷ್ಟು ಚೆನ್ನಾಗಿ ತಾನು ಬರೆಯಬಲ್ಲೆನೆಂದು ಅವನಿಗೇ ಗೊತ್ತಿರಲಿಲ್ಲ.

ಆದರೆ ನಮ್ಮ ಕಸುಬಿನಲ್ಲಿ ಒಂದು ತೊಡಕಿದೆ. ಕಿಮೊನೊದ ಮೈಗೆ ಹೆಗಲಲ್ಲಿ ಹೊಲಿಗೆಯಿಲ್ಲ. ಒಂದೇ ಬಟ್ಟೆ ಮುಂದಿನ ಅಂಚಿನಿಂದ ಎದ್ದು ಎದೆ ದಾಟಿ, ಹೆಗಲೇರಿ, ಬೆನ್ನಿನ ಮೇಲೆ ಇಳಿದು ಹಿಂದಿನ ಅಂಚು ಮುಟ್ಟುತ್ತದೆ. ಮುಂದೆ ಹಾರುವ ಕೊಕ್ಕರೆ ಬರೆದರೆ ಬೆನ್ನಿನ ಮೇಲೆ ಅದು ತಲೆಕೆಳಗಾಗಿ ಬೀಳುತ್ತಿರುತ್ತದೆ. ಅದಕ್ಕೇ ಹಿಂದಿನವರು ತಲೆ ಯಾವುದು ಕಾಲು ಯಾವುದು ಎಂದು ಗೊತ್ತಾಗದ ಚಿತ್ತಾರಗಳನ್ನೇ ಆರಿಸಿಟ್ಟರು. ಷಟ್ಕೋನಕ್ಕೆ ತಲೆಯಿಲ್ಲ. ಗರಿಗಳೋ, ಒಂದು ಸಾಲು ಮೇಲ್ಮುಖ, ಇನ್ನೊಂದು ಸಾಲು ಕೆಳಮುಖ. ಹೇಗೆ ಕತ್ತರಿಸಿದರೂ ನಷ್ಟವಿಲ್ಲ.

ಕ್ಯೂಸಾಕು ಚಿತ್ರ ಬರೆದುಕೊಡುತ್ತಿದ್ದುದು ಶಿಮೊಜೋ ಮನೆತನಕ್ಕೆ. ಯಜಮಾನರು ವಾರಕ್ಕೊಮ್ಮೆ ಬಂದು ಬಾಗಿಲೊಳಗಿನ ಮಣ್ಣುನೆಲದಲ್ಲಿ ಚಪ್ಪಲಿ ಬಿಡದೆ, ಮನೆಯ ಎತ್ತರದ ಹಲಗೆಯಂಚಿನ ಮೇಲೆ ಕುಳಿತು ಚಹಾ ಕುಡಿದು ಹೋಗುವುದು ರೂಢಿ. ಅವರು ಚಿತ್ರವನ್ನು ಕೈಯಲ್ಲಿ ಹಿಡಿದು ದೂರ ಮಾಡಿ ನೋಡಿದರು.

“ಏನಿದು ಕ್ಯೂ-ಸಾನ್, ಕಡ್ಡಿಗೆ ಚುಚ್ಚಿದ ಅಕ್ಕಿ ಉಂಡೇನಾ?”

“ದೀಪದ ಕಂಬ, ಯಜಮಾನ್ರೆ.”

“ಕಂಬಕ್ಕೆ ತಲೆ ಇದೆ, ಕಾಲಿದೆ. ಬೆನ್ನಿನ ಮೇಲೆ ಏನಾಗತ್ತೆ?”

“ಹೆಗಲ ಹತ್ರ ಬಂದ ತಕ್ಷಣ ಚಿತ್ರ ತಿರುಗಿಸಿಬಿಡ್ತೀನಿ. ಮುಂದೂ ನೆಟ್ಟಗೆ, ಹಿಂದೂ ನೆಟ್ಟಗೆ.”

“ಕ್ಯೋಟೋದೋರು ಕೈಯಲ್ಲಿ ಬಣ್ಣ ಬಳಿಯೋ ಬಟ್ಟೆಗೆ ಹಾಗೆ ಮಾಡ್ತಾರೆ. ನಮ್ದು ನೇಯೋಕೆ ಮುಂಚೇನೇ ನೂಲಿಗೆ ಅಚ್ಚು ಹಾಕಿ ಮುಗಿಸೋದು. ಹೆಗಲು ಎಲ್ಲಿ ಬರತ್ತೆ ಅಂತ ನೂಲಿಗೇನು ಕನಸು ಬೀಳತ್ತಾ?”

“ಸಾಧಾರಣ ಎತ್ತರದ ಒಬ್ಬ ಹೆಂಗಸಿನ ಅಳತೆ ತಗೊಂಡ್ರೆ ಹತ್ತರಲ್ಲಿ ಎಂಟು ಜನಕ್ಕೆ ಸರಿಹೋಗತ್ತೆ. ಎರಡು ಬೆರಳು ಹೆಚ್ಚುಕಮ್ಮಿ ಆದ್ರೆ ಸೊಂಟದ ಪಟ್ಟಿ ಒಳಗೆ ಮಡಚ್ಕೋಬಹುದು.”

ಯಜಮಾನರು ಮತ್ತೆ ಚಿತ್ರ ನೋಡಿದರು. ಟೋಕಿಯೋದ ದೊಡ್ಡ ಮಳಿಗೆಯವರು ‘ಹೊಸದು ಏನಾದರೂ ಕಳಿಸಿ, ಗರಿ ನೋಡಿ ನೋಡಿ ನಮಗೇ ರೆಕ್ಕೆ ಬರುವಂತಿದೆ’ ಎಂದು ಬರೆದಿದ್ದರು.

“ನಲವತ್ತು ಸುರುಳಿ ಮಾಡಿ ನೋಡೋಣ. ಶರತ್ಕಾಲದ ಪ್ರದರ್ಶನಕ್ಕೆ.”

“ಯಜಮಾನ್ರೆ, ಒಂದು ಮಾತು. ಚೀಟಿ...”

ಒಂದು ಕಿಮೊನೊಗೆ ಆಗುವಷ್ಟು ಬಟ್ಟೆಯ ಪ್ರತಿ ಸುರುಳಿಗೂ ಒಂದು ಕಾಗದದ ಚೀಟಿ ಅಂಟಿಸಿರುತ್ತಿತ್ತು. ಅದರ ಮೇಲೆ ಶಿಮೊಜೋ ಮನೆತನದ ಹೆಸರು, ಚಿತ್ತಾರದ ಹೆಸರು. ಬರೆದವನ ಹೆಸರು ಇರುತ್ತಿರಲಿಲ್ಲ. ಇವತ್ತಿಗೂ ಹಳೆಯ ರೇಷ್ಮೆ ಕಿಮೊನೊಗಳನ್ನು ಹುಡುಕಿ ಕೊಳ್ಳುವವರು ಗರಿಗಳನ್ನು ಕಣ್ಣಿಗೊತ್ತಿಕೊಂಡು ಇದನ್ನು ಬರೆದವರು ಯಾರು ಎಂದು ಕೇಳುತ್ತಾರೆ. ಅಂಗಡಿಯವರು ತಲೆ ಕೆರೆದುಕೊಳ್ಳುತ್ತಾರೆ.

“ಆಯ್ತು ಮಾರಾಯ್ರೆ,” ಎಂದರು ಯಜಮಾನರು. “ಮಾರಾಟ ಆದ್ರೆ ಚೀಟಿ ಮೇಲೆ ನಿಮ್ಮ ಹೆಸರು ಹೊಡೆಸ್ತೀನಿ. ಆಗದೇ ಇದ್ರೆ ಸಾಯೋತನಕ ಬಾಣದ ಗರಿ. ಒಪ್ಪಿಗೆನಾ?”

ಕ್ಯೂಸಾಕು ಹಣೆ ಚಾಪೆಗೆ ತಾಗುವಷ್ಟು ಬಾಗಿದ.

ಸಾಧಾರಣ ಎತ್ತರದ ಹೆಂಗಸನ್ನು ಹುಡುಕಿಕೊಂಡು ಅವನು ಎಲ್ಲಿಗೂ ಹೋಗಲಿಲ್ಲ. ಮನೆಯಲ್ಲೇ ಒಬ್ಬಳಿದ್ದಳಲ್ಲ. ಬಿದಿರುಗಳುವಿನ ಮೇಲೆ ಒಣಗಲು ಹಾಕಿದ್ದ ಟೋಮೆಯ ಕಿಮೊನೊವನ್ನು ಅಳತೆಪಟ್ಟಿ ಹಿಡಿದು ಮೂರು ಸಲ ಅಳೆದ. ಮೂರು ಸಲವೂ ಒಂದೇ ಲೆಕ್ಕ ಬಂತು. ಇಷ್ಟು ಜಾಗರೂಕನಾಗಿ ಕೆಲಸ ಮಾಡುವವರು ಊರಲ್ಲಿ ಎಷ್ಟು ಜನ ಇದ್ದಾರೆ ಎಂದುಕೊಂಡ. ಅಳತೆಯ ಪ್ರಕಾರ ನೂಲಿಗೆ ಅಚ್ಚು ಹಾಕಿಸಿದರೆ ಪ್ರತಿ ಸುರುಳಿಯ ಕೊನೆಯಲ್ಲೂ ಎರಡು ಮೊಳ ಬರೀ ಬೂದುನೆಲ ಮಿಕ್ಕಿತು. ಅದನ್ನೂ ಯಜಮಾನರಿಗೆ ಹೆಮ್ಮೆಯಿಂದಲೇ ಹೇಳಿದ.

“ನನ್ನ ಲೆಕ್ಕದಲ್ಲಿ ಬಟ್ಟೆ ಉಳಿತಾಯ ಆಗತ್ತೆ, ಯಜಮಾನ್ರೆ.”

“ಓಹೋ! ಹಿಂದಿನೋರಿಗೆ ಇದು ಹೊಳೀಲಿಲ್ಲ ನೋಡಿ!”

ಮೊದಲು, ನಲವತ್ತರ ಲೆಕ್ಕದ ಹೊರಗೆ, ಮಾದರಿಯ ಸುರುಳಿ ಏರಿದ್ದು ಟೋಮೆಯ ಮಗ್ಗಕ್ಕೇ. ನಾಲ್ಕನೆಯ ದಿನ ಅವಳು ಲಾಳಿ ನಿಲ್ಲಿಸಿದಳು.

“ರೀ, ಈ ತಿರುವು ಸ್ವಲ್ಪ ಬೇಗ ಬರ್ತಿದೆ ಅನ್ನಿಸಲ್ವಾ ನಿಮಗೆ?”

ಬೇರೆ ಯಾವ ದಿನವಾಗಿದ್ದರೂ ಕ್ಯೂಸಾಕು ಗೊಣಗುತ್ತಾ ಎದ್ದು ನೋಡುತ್ತಿದ್ದ. ಆದರೆ ಇದು ಅವನ ದೀಪ, ಅವನ ಹೆಸರು. ಹತ್ತೊಂಬತ್ತು ವರ್ಷದ ದಪ್ಪ ಎಲೆಗಳೆಲ್ಲ ಒಟ್ಟಿಗೆ ಗಂಟಲಿಗೆ ಬಂದವು.

“ಬರೆಯೋನು ನಾನು, ನೇಯೋಳು ನೀನು. ಒಂದೇ ಒಂದು ಸಲ, ಈ ಜನ್ಮದಲ್ಲಿ ಒಂದೇ ಒಂದು ಸಲ, ಬಾಯಿ ಮುಚ್ಕೊಂಡು ನೇಯ್ತೀಯಾ?”

ಟೋಮೆ ಬಾಯಿ ಮುಚ್ಚಿಕೊಂಡು ನೇಯ್ದಳು. ಅವನು ಹೆದರಬೇಕಿದ್ದದ್ದು ಆಗಲೇ.

ಮಾದರಿಯ ಕಿಮೊನೊ ಹೊಲಿದವರು ಹಿಂದಿನ ಬೀದಿಯ ಇಸೊ ಅಜ್ಜಿ. ಎಂಬತ್ತರ ಮುದುಕಿ, ಬೆನ್ನು ಬಾಗಿ ನೆಲ ನೋಡಿಕೊಂಡೇ ಓಡಾಡುತ್ತಿದ್ದವರು. ‘ಟೋಮೆಯ ಮೈಗೆ ಹೊಲಿದುಕೊಡಿ’ ಎಂದು ಕ್ಯೂಸಾಕು ಹೇಳಿದ, ಅವರು ಹೊಲಿದುಕೊಟ್ಟರು. ಯಜಮಾನರು ಬಂದ ದಿನ ಟೋಮೆ ಅದನ್ನುಟ್ಟು ಒಳಮನೆಯ ಎತ್ತರದ ನೆಲದ ಮೇಲೆ ನಿಂತಳು. ಯಜಮಾನರು ಎಂದಿನಂತೆ ಕೆಳಗೆ ಮಣ್ಣುನೆಲದಲ್ಲಿ. ಎದೆಯ ಮೇಲೆ ದೀಪಗಳು ನೆಟ್ಟಗೆ ನಿಂತಿದ್ದವು, ಬೆನ್ನಿನ ಮೇಲೆ ನೆಟ್ಟಗೆ ನಿಂತಿದ್ದವು, ಹೆಗಲಲ್ಲಿ ಎರಡು ಸಾಲೂ ಒಂದಕ್ಕೊಂದು ತಲೆಬಾಗಿ ನಮಸ್ಕರಿಸುವಂತೆ ಕೂಡಿದ್ದವು.

“ಭೇಷ್!” ಎಂದರು ಯಜಮಾನರು, ತಲೆಯೆತ್ತಿ ನೋಡುತ್ತ. “ಟೋಮೆ-ಸಾನ್, ಒಮ್ಮೆ ತಿರುಗಿ. ಭೇಷ್!”

“ಆಯ್ತಾ? ಒಲೆ ಮೇಲೆ ಸಾರಿಟ್ಟಿದೀನಿ,” ಎಂದು ಟೋಮೆ ಒಳಗೆ ಹೋದಳು.

ಸೆಪ್ಟೆಂಬರಿನಲ್ಲಿ ನಲವತ್ತು ಸುರುಳಿಗಳು ರೈಲು ಹತ್ತಿದವು. ಮೊದಲ ಮೂರು ದಿನದಲ್ಲೇ ಹನ್ನೊಂದು ಮಾರಾಟವಾದವೆಂದು ಸುದ್ದಿ ಬಂತು. ಕ್ಯೂಸಾಕು ಊರಿನ ಸಾರ್ವಜನಿಕ ಸ್ನಾನದಮನೆಯಲ್ಲಿ ಎಲ್ಲರಿಗೂ ಕೇಳುವಂತೆ ಗಿಂಜಾದ ಬಗ್ಗೆ ಮಾತಾಡಿದ. ಚೀಟಿಯ ಮೇಲೆ ಹೆಸರು ಹೇಗಿರಬೇಕೆಂದು ಹತ್ತು ಥರ ಬರೆದು ನೋಡಿದ. ಅಡ್ಡಕ್ಕೆ ಬರೆಯಲೇ, ಉದ್ದಕ್ಕೆ ಬರೆಯಲೇ ಎಂಬುದೊಂದೇ ಉಳಿದ ಸಮಸ್ಯೆ.

ಎರಡು ವಾರದ ಮೇಲೆ ಯಜಮಾನರು ಬಂದರು. ಚಹಾ ಬೇಡವೆಂದರು. ಮಳಿಗೆಯವರ ಕಾಗದ ತೆಗೆದು ಓದಿದರು.

“‘ತಾವು ಕಳಿಸಿದ ದೀಪಗಳು ಹೊಲಿದ ಮೇಲೆ ಅಂಚಿನಲ್ಲಿ ತಲೆಕೆಳಗಾಗಿ ಬಾವಲಿಗಳ ಹಾಗೆ ನೇತಾಡುತ್ತಿವೆ. ಎಡ ತೋಳಿನ ಮೇಲೆ ಒಂದು ಸಾಲು ಮಲಗಿಕೊಂಡು ಹೆಗಲಾಚೆ ಹೋಗಿದೆ. ಗಿರಾಕಿಗಳು ಇದು ಒಂಬತ್ತು ವರ್ಷದ ಹಿಂದಿನ ಭೂಕಂಪದ ನೆನಪಿನ ಚಿತ್ತಾರವೇ ಎಂದು ಕೇಳುತ್ತಿದ್ದಾರೆ. ಉಳಿದದ್ದನ್ನು ವಾಪಸು ಕಳಿಸುತ್ತಿದ್ದೇವೆ.’ ಏನ್ ಕ್ಯೂ-ಸಾನ್ ಇದು?”

ಕ್ಯೂಸಾಕುವಿನ ಮುಖ ಬೂದುನೆಲದ ಬಣ್ಣಕ್ಕೆ ತಿರುಗಿತು. “ಟೋಕಿಯೋದ ದರ್ಜಿಗಳಿಗೆ ಕತ್ತರಿಸೋಕೆ ಬರಲ್ಲ ಅಷ್ಟೆ! ಮೂರು ಸಲ ಅಳೆದಿದೀನಿ ನಾನು!”

“ಹನ್ನೊಂದು ಕಿಮೊನೊಗೂ?”

“ಅಂಚಿನಲ್ಲಿ ತಲೆಕೆಳಗಾಗಿರೋದನ್ನ... ಮಳೆನೀರಲ್ಲಿ ಬಿದ್ದಿರೋ ನೆರಳು ಅಂತ ಹೇಳಬಹುದಲ್ಲ?”

ಯಜಮಾನರು ಇಸೊ ಅಜ್ಜಿಗೆ ಹೇಳಿಕಳಿಸಿದರು. ಅಜ್ಜಿ ನೆಲ ನೋಡುತ್ತಾ ಬಂದು, ವಾಪಸಾದ ಸುರುಳಿಯೊಂದನ್ನು ಬಿಚ್ಚಿ, ಗೇಣು ಹಾಕಿ ಹಾಕಿ ತಿರುವಿನ ತನಕ ಹೋದರು.

“ಉದ್ದಕ್ಕೆ ಕತ್ತರಿಸಿದ್ರೆ ಮುಂದಿನ ತುಂಡಿನ ದೀಪ ಈ ಅಂಚಿಗೆ ತಲೆಕೆಳಗಾಗಿ ಬರತ್ತೆ. ಇದು ಯಾರ ಅಳತೆ?”

“ಸಾಧಾರಣ ಹೆಂಗಸಿಂದು,” ಎಂದ ಕ್ಯೂಸಾಕು. “ನನ್ನ ಹೆಂಡತೀದು.”

ಇಸೊ ಅಜ್ಜಿ ಕಷ್ಟಪಟ್ಟು ತಲೆಯೆತ್ತಿ ಅವನ ಮುಖವನ್ನು, ಹುಚ್ಚು ಹಿಡಿದಿದೆಯೇ ಎಂದು ನೋಡುವವರ ಹಾಗೆ ನೋಡಿದರು.

“ಟೋಮೆ, ಬಾರಮ್ಮ ಇಲ್ಲಿ. ಇಳಿದು ಬಾ.”

ಟೋಮೆ ಮಗ್ಗದಿಂದ ಇಳಿದಳು. ಒಳಮನೆಯಿಂದ ಮಣ್ಣುನೆಲಕ್ಕೂ ಇಳಿದು, ಯಜಮಾನರ ಪಕ್ಕದಲ್ಲಿ ನಿಂತಳು. ಅವಳ ನೆತ್ತಿ ಅವರ ಎದೆಯ ಮಟ್ಟಕ್ಕೆ ಬಂತು. ಬೆನ್ನು ಬಾಗಿದ ಇಸೊ ಅಜ್ಜಿಗಿಂತ ಅವಳು ನಾಲ್ಕೇ ಬೆರಳು ಎತ್ತರ.

ಕ್ಯೂಸಾಕು ಹೆಂಡತಿಯನ್ನು ಮೊದಲ ಸಲ ನೋಡುವವನಂತೆ ನೋಡಿದ. ಹತ್ತೊಂಬತ್ತು ವರ್ಷ ಅವಳ ಮಾತು ಅವನಿಗೆ ಮೇಲಿನಿಂದಲೇ ಬಂದಿತ್ತು. ಬೈಗುಳ ಮೇಲಿನಿಂದ, ಊಟಕ್ಕೆ ಕರೆ ಮೇಲಿನಿಂದ, ಎಲೆ ದಪ್ಪವಾಯಿತೆಂಬ ತೀರ್ಪು ಮೇಲಿನಿಂದ. ಇಷ್ಟು ದೊಡ್ಡ ದನಿ ಇಷ್ಟು ಸಣ್ಣ ಮೈಯಿಂದ ಹೊರಡುತ್ತಿರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ. ಯಾರಾದರೂ ಕೇಳಿದ್ದರೆ ಅವಳು ತನಗಿಂತ ಸ್ವಲ್ಪ ಎತ್ತರ ಎಂದೇ ಹೇಳುತ್ತಿದ್ದನೇನೋ.

“ನೀನು... ಯಾವಾಗಿಂದ ಕುಳ್ಳಿ?” ಎಂದ.

“ಹುಟ್ಟಿದಾಗಿಂದ,” ಎಂದಳು ಟೋಮೆ. “ಆಗ ಇನ್ನೂ ಕುಳ್ಳಿ ಇದ್ದೆ.”

“ಹೇಳಬಾರದಿತ್ತಾ?”

“ಯಾರಾದ್ರೂ ಕೇಳಿದ್ರಾ? ತಿರುವು ಬೇಗ ಬಂತು ಅಂದಾಗ ಏನಂದ್ರಿ? ಯಜಮಾನ್ರ ಎದುರಿಗೆ ಹೇಳಲಾ ಏನಂದ್ರಿ ಅಂತ?”

“ಬೇಡ,” ಎಂದ ಕ್ಯೂಸಾಕು.

ಯಜಮಾನರು ನಗಬೇಕೋ ಅಳಬೇಕೋ ತಿಳಿಯದೆ ಹಲಗೆಯಂಚಿನ ಮೇಲೆ ಕುಸಿದು ಕುಳಿತರು. ಅವರೂ ತಲೆಯೆತ್ತಿ ನೋಡಿ ಭೇಷ್ ಅಂದವರೇ ತಾನೆ. “ಇಪ್ಪತ್ತೊಂಬತ್ತು ಸುರುಳಿ. ಈ ಅಳತೆ ಹೆಂಗಸರು ಸುತ್ತ ಏಳು ಹಳ್ಳೀಲೂ ಇಪ್ಪತ್ತೊಂಬತ್ತು ಜನ ಸಿಗಲ್ಲ.”

ಟೋಮೆ ಸುರುಳಿಯನ್ನು ಕೈಗೆತ್ತಿಕೊಂಡಳು. ತಿರುವಿನ ಗೆರೆಯನ್ನು ಹುಡುಕಿ, ಅದನ್ನು ಇಸೊ ಅಜ್ಜಿಯ ಹೆಗಲ ಮೇಲೆ ಇಟ್ಟು ಎರಡೂ ಕಡೆ ಇಳಿಬಿಟ್ಟಳು. ಮೊಣಕಾಲಿನ ಹತ್ತಿರ ಬಟ್ಟೆಯನ್ನು ಒಳಕ್ಕೆ ಮಡಚಿ ಹಿಡಿದಳು.

“ಉದ್ದ ಸಾಲದೇ ಇದ್ರೆ ಉದ್ದದ್ದು ಯಾಕೆ ಮಾಡ್ಬೇಕು? ಹಾವೊರಿ ಮಾಡಿ. ಮೊಣಕಾಲ ತನಕ ಬರೋ ಮೇಲಂಗಿ. ಎತ್ತರದೋಳಾದ್ರೆ ಒಳಗೆ ಕಮ್ಮಿ ಮಡಚಿ, ಕುಳ್ಳಿ ಆದ್ರೆ ಜಾಸ್ತಿ ಮಡಚಿ. ತಿರುವು ಮಾತ್ರ ಹೆಗಲ ಮೇಲೇ ಇರತ್ತೆ.”

ಇಸೊ ಅಜ್ಜಿ ತಮ್ಮ ಮೈಮೇಲಿನ ದೀಪಗಳನ್ನು ನೋಡಿಕೊಂಡು, “ಅಯ್ಯೋ, ನನಗೇ ಒಂದು ಇರಲಿ ಅನ್ನಿಸ್ತಿದೆಯಲ್ಲ,” ಎಂದರು.

ಹಾಗೇ ಆಯಿತು. ನವೆಂಬರಿನ ಚಳಿಗೆ ಸರಿಯಾಗಿ ದೀಪದ ಮೇಲಂಗಿಗಳು ಮಳಿಗೆಗೆ ಹೋದವು. ಎಂಟು ದಿನಕ್ಕೆ ಒಂದೂ ಉಳಿಯಲಿಲ್ಲ. ಸಾದಾ ಕಿಮೊನೊದ ಮೇಲೆ ಅದೊಂದನ್ನು ಹಾಕಿಕೊಂಡರೆ ಸಾಕು, ಗಿಂಜಾವನ್ನೇ ಹೊದ್ದಂತೆ. ಇನ್ನೂ ಇನ್ನೂರು ಬೇಕು, ಹೊಸ ವರ್ಷದೊಳಗೆ ಬೇಕು ಎಂದು ತಂತಿ ಬಂತು. ಯಜಮಾನರು ಮಿಸೊ ಎಂಬ ಸೋಯಾ ಗೊಜ್ಜು ಬಳಿದು, ಕಡ್ಡಿಗೆ ಚುಚ್ಚಿ ಸುಟ್ಟ ಮಂಜೂ ಬನ್ನುಗಳ ಪೊಟ್ಟಣ ಹಿಡಿದು ಓಡೋಡಿ ಬಂದರು. ಜೊತೆಗೆ ಹೊಸದಾಗಿ ಮುದ್ರಿಸಿದ ಚೀಟಿಗಳ ಕಟ್ಟೂ ಇತ್ತು.

“ಮಾತು ಕೊಟ್ಟಿದ್ನಲ್ಲ ಕ್ಯೂ-ಸಾನ್? ನಮ್ಮ ಮನೆತನದ ಚೀಟಿ ಮೇಲೆ ಬೇರೆಯೋರ ಹೆಸರು ಇದೇ ಮೊದಲು!”

ಕ್ಯೂಸಾಕು ಕೈಯೊರೆಸಿಕೊಂಡು ಚೀಟಿ ತೆಗೆದುಕೊಂಡ. ಒಳ್ಳೆಯ ದಪ್ಪ ಕಾಗದ. ಹೆಸರು ಉದ್ದಕ್ಕೆ ಬಂದಿತ್ತು, ಅಂಚಿಗೆ ಚಿನ್ನದ ಗೆರೆ. ‘ಇಸೆಸಾಕಿ ರೇಷ್ಮೆ. ಶಿಮೊಜೋ ಮನೆತನ. ಟೋಮೆ ದೀಪ.’

ಅವನು ಎರಡು ಸಲ ಓದಿದ. ಮೂರನೆಯ ಸಲ ಅಳೆಯುವವನಂತೆ ಬೆರಳಿಟ್ಟು ಓದಿದ.

“ಇದರಲ್ಲಿ... ನಾನೆಲ್ಲಿ, ಯಜಮಾನ್ರೆ?”

“ಮಳಿಗೆಯೋರಿಗೆ ಕಥೆ ಹೇಳಿದೆ ಮಾರಾಯ್ರೆ! ಹೆಂಡತಿ ಅಳತೆ, ಹೆಂಡತಿ ಉಪಾಯ. ಅವರು ಬಿದ್ದು ಬಿದ್ದು ನಕ್ರು. ಇದೇ ಹೆಸರು ಇರಲಿ, ಹೆಂಗಸರು ಕೊಳ್ಳೋ ಬಟ್ಟೆಗೆ ಹೆಂಗಸಿನ ಹೆಸರೇ ಚೆಂದ ಅಂದ್ರು. ಗಂಡ ಹೆಂಡ್ತಿ ಒಂದೇ ಅಲ್ವಾ?”

“ಅಲ್ಲ,” ಎಂದ ಕ್ಯೂಸಾಕು. ಆದರೆ ಬಾಯಲ್ಲಿ ಮಂಜೂ ಇದ್ದುದರಿಂದ ಅದು ಯಾರಿಗೂ ಕೇಳಿಸಲಿಲ್ಲ.

“ಯಜಮಾನ್ರೆ, ಆ ಚೀಟಿ ಬದಲಾಯ್ಸಿ,” ಎಂದು ಟೋಮೆಯೇ ಮಗ್ಗದಿಂದ ಹೇಳಿದಳು. “ನಾನೇನು ಬರೆದೆ?”

“ಸಾವಿರ ಹೊಡೆಸಾಗಿದೆಯಮ್ಮ.”

ಇನ್ನೂರು ಸುರುಳಿಗೆ ಹೊಸ ಅಚ್ಚು ಕೊರೆಯಬೇಕಿತ್ತು. ಈ ಸಲ ಕ್ಯೂಸಾಕು ಊರಿನ ಹದಿನಾಲ್ಕು ಹೆಂಗಸರನ್ನು ಅಳೆದ. ಅದರಿಂದ ಅವನ ಮರ್ಯಾದೆ ಹೆಚ್ಚಲಿಲ್ಲ. ಮೂರು ದಿನ ಯಾರೊಡನೆಯೂ ಮಾತಾಡದೆ, ಮೇಜಿನ ಮೇಲೆ ಮೊಣಕೈ ಅಡ್ಡಯಿಟ್ಟು ಚಿತ್ರ ತಿದ್ದಿದ. ಅವನ ಹೆಸರಿನ ಮೊದಲ ಅಕ್ಷರ ‘ಕ್ಯೂ’ಗೆ ನಮ್ಮ ಲಿಪಿಯಲ್ಲಿ ಇರುವುದು ಮೂರೇ ಗೀಟು. ಪ್ರತಿ ತುಂಡಿನ ಕಟ್ಟಕಡೆಯ ದೀಪದ ಬುಡದಲ್ಲಿ, ರಸ್ತೆಗಲ್ಲು ಬಿರುಕುಬಿಟ್ಟ ಹಾಗೆ, ಆ ಮೂರು ಗೀಟುಗಳನ್ನು ಸೇರಿಸಿದ. ಗುಟ್ಟಾಗಿ ಸೇರಿಸಿದ. ಇನ್ನೂರು ಹೆಂಗಸರು ಅವನ ಹೆಸರು ಹೊತ್ತು ಟೋಕಿಯೋ ಸುತ್ತಲಿ, ಶಿಮೊಜೋ ಮನೆತನ ಏನು ಮಾಡುತ್ತದೋ ನೋಡೋಣ.

ಮೊದಲ ಮೇಲಂಗಿ ಹೊಲಿದಾದ ಮೇಲೆ ಅವನು ಇಸೊ ಅಜ್ಜಿಯ ಮನೆಗೆ ಹೋಗಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ದೀಪಗಳಿದ್ದವು. ಬಿರುಕು ಎಲ್ಲೂ ಇರಲಿಲ್ಲ.

“ಏನು ಹುಡುಕ್ತಿದೀಯಪ್ಪ?”

“ಕೊನೇ ದೀಪದ ಬುಡ.”

“ಅದಾ? ಒಳಗೆ ಮಡಚಿ ಹೋಯ್ತು. ಹಾವೊರಿಗೆ ಅಷ್ಟು ಮಡಚಲೇಬೇಕಲ್ಲ. ನಿನ್ನ ಹೆಂಡ್ತೀನೇ ಹೇಳಿದ್ದಳಲ್ಲ.”

ಕ್ಯೂಸಾಕು ಮನೆಗೆ ಬಂದು, ಏನೂ ಬರೆಯದೆ, ಖಾಲಿ ಕಾಗದದ ಮುಂದೆ ಕುಳಿತ. ಹೊರಗೆ ಒಣಗಾಳಿ ಬಾಗಿಲನ್ನು ಅಲುಗಿಸುತ್ತಿತ್ತು. ಅದನ್ನು ಬೈಯಲೂ ಮನಸ್ಸಾಗಲಿಲ್ಲ. ಮೇಲೆ ಮಗ್ಗ ಒಂದಷ್ಟು ಹೊತ್ತು ಸದ್ದು ಮಾಡಿ ನಿಂತಿತು. ತಲೆಯೆತ್ತಿದರೆ ಟೋಮೆ ಕಣ್ಣು ಕಿರಿದು ಮಾಡಿ, ಸೂಜಿಯ ಮೊನೆಯಿಂದ ಹಾಸಿನ ಎಳೆಗಳನ್ನು ಒಂದೊಂದಾಗಿ ಸರಿಸುತ್ತಿದ್ದಳು.

“ಏನು ಮಾಡ್ತಿದೀಯ? ಇನ್ನೂರು ಸುರುಳಿ ಇದೆ.”

“ಈ ಬಿರುಕಿನ ಎರಡನೇ ಗೀಟು ವಾಲಿದೆ. ಪ್ರತಿ ತುಂಡಲ್ಲೂ ನೆಟ್ಟಗೆ ಮಾಡ್ತಿದೀನಿ.”

ಕ್ಯೂಸಾಕುವಿನ ಕಿವಿ ಬಿಸಿಯಾಯಿತು. “ಅದು ಬರೀ ಬಿರುಕು.”

“ಹೌದು ಪಾಪ.”

“ಒಳಗೆ ಮಡಚಿ ಹೋಗತ್ತೆ. ಯಾರಿಗೂ ಕಾಣಲ್ಲ. ಬಿಟ್ಟಾಕು!”

“ಕಾಣದೇ ಇದ್ರೇನು,” ಎಂದು ಟೋಮೆ ಸೂಜಿಯನ್ನು ಎಳೆಯಿಂದ ಬಿಡಿಸದೆಯೇ ಹೇಳಿದಳು. “ಬರೆಯೋರು ಸೊಟ್ಟ ಬರೆದ್ರೆ ನೇಯೋರೂ ಸೊಟ್ಟ ನೇಯ್ಬೇಕಾ? ಮೊದಲು ಆ ಅಚ್ಚು ತಿದ್ದಿ ಕೊಡಿ. ಉಳಿದ ನೂರ ತೊಂಬತ್ತೆಂಟು ಸುರುಳೀಲೂ ನೇಯೋರೆಲ್ಲ ಇದನ್ನ ಸೂಜೀಲಿ ಎಳೀತಾ ಕೂರಕ್ಕಾಗಲ್ಲ.”

ಕ್ಯೂಸಾಕು ಹಲ್ಲು ಕಡಿಯುತ್ತಾ ಕುಂಚ ಎತ್ತಿಕೊಂಡ. ಎರಡನೆಯ ಗೀಟು ವಾಲಿಯೇ ಇತ್ತು.